ಹೆಸರು ಉಳಿಸುವ ನಾಡಿನಲ್ಲಿ

ಮಡಿಕೇರಿಯ ಗಿಜಿಗುಡುವ ಪೇಟೆ ದಾಟಿ ಮಹದೇವಪೇಟೆಯ ಕಡೆ ಸಾಗಿದರೆ, ಗುಡ್ಡದ ಮೇಲೆ ಗುಮ್ಮಟಗಳು ತಲೆಯೆತ್ತಿ ನಿಂತಿರುವುದು ಕಾಣುತ್ತದೆ. ಅದೇ ರಾಜರ ಗದ್ದುಗೆ. ರಾಜಾಸೀಟಿನ ಸೂರ್ಯಾಸ್ತಕ್ಕೆ ಮುಗಿಬೀಳುವ ಪ್ರವಾಸಿಗರಲ್ಲಿ ಅನೇಕರು ಇತ್ತ ಸುಳಿಯುವುದೇ ಇಲ್ಲ. ಬಂದವರಿಗೆ ಮಾತ್ರ ಇಲ್ಲಿಯ ಮೌನ ಬಹಳ ಕಾಲ ನೆನಪಿನಲ್ಲಿ ಉಳಿಯುತ್ತದೆ.

ಹಾಲೇರಿ ವಂಶದ ಅರಸರು ಲಿಂಗಾಯತರು. ಆದರೂ ಅವರ ಸಮಾಧಿಗಳ ಮೇಲಿರುವುದು ಮುಸ್ಲಿಂ ಶೈಲಿಯ ಗುಮ್ಮಟ, ಮೂಲೆಗಳಲ್ಲಿ ಕಿರುಗೋಪುರ! ದೊಡ್ಡವೀರರಾಜೇಂದ್ರ ಮತ್ತು ಅವನ ರಾಣಿಯದು ಒಂದು ಕಟ್ಟಡ. 1820ರಲ್ಲಿ ತೀರಿಕೊಂಡ ಲಿಂಗರಾಜೇಂದ್ರ ಮತ್ತು ಅವನ ರಾಣಿಯದು ಇನ್ನೊಂದು. ಇದನ್ನು ಕಟ್ಟಿಸಿದವನು ಮಗ ಚಿಕ್ಕವೀರರಾಜೇಂದ್ರ. ರಾಜಗುರು ರುದ್ರಪ್ಪನ ಸಮಾಧಿಯೂ ಇಲ್ಲಿದೆ. ಸಮೀಪದಲ್ಲೇ ಸೇನಾನಿ ಬಿದ್ದಂಡ ಬೋಪು ಮತ್ತು ಅವನ ಮಗ ಸೋಮಯ್ಯನ ಸಮಾಧಿಗಳಿವೆ.

ಸತ್ತವರನ್ನು ನೆನೆಯುವುದು ಕೊಡಗಿನಲ್ಲಿ ಅರಸರಿಗಷ್ಟೇ ಮೀಸಲಲ್ಲ. ಕೊಡವರ ಐನ್‌ಮನೆಗಳ ಆವರಣದಲ್ಲಿ ಕೈಮಡ ಎಂಬ ಪುಟ್ಟ ಗುಡಿ ಇರುತ್ತದೆ. ಒಕ್ಕದ ಹಿರಿಯ ಕಾರಣವರಿಗೆ ಅಲ್ಲಿ ದೀಪ. 'ಕಾರಣಂಗ್ ಕೊಡ್‌ಪೊ' ಆಚರಣೆಯಲ್ಲಿ ಮಾಂಸ, ಮದ್ಯದ ಎಡೆ. ಸಾವಾದಾಗ ಆಕಾಶಕ್ಕೆ ಹಾರಿಸುವ ಜೋಡಿ ಗುಂಡಿನ ಸದ್ದು ಕಾಫಿ ತೋಟಗಳನ್ನು ದಾಟಿ ನೆರೆಯೂರಿಗೂ ಸುದ್ದಿ ಮುಟ್ಟಿಸುತ್ತದೆ. ಇಲ್ಲಿ ಸಾವು ಮನೆಯೊಳಗೇ ಮುಚ್ಚಿಡುವ ಗುಟ್ಟಲ್ಲ, ಊರೇ ಪಾಲುಗೊಳ್ಳುವ ದುಃಖ.

ತಡವಾಗಿಯಾದರೂ ಹೆಸರನ್ನು ಮರಳಿ ಪಡೆದ ಉದಾಹರಣೆಯೂ ಈ ನಾಡಿನಲ್ಲಿದೆ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ದಾಳಿಗೆ ಹೋದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಹಿಂದಿರುಗಲಿಲ್ಲ. ಅವರಿಗೆ ಮಹಾವೀರ ಚಕ್ರ ಸಂದದ್ದು 1988ರಲ್ಲಿ, ಅಂದರೆ 23 ವರ್ಷಗಳ ನಂತರ. ಇಂದು ಮಡಿಕೇರಿಯಲ್ಲಿ ಅವರ ಪ್ರತಿಮೆ ಇದೆ.

ರಣರಂಗದ ಸಾವನ್ನು ಎದೆಯುಬ್ಬಿಸಿ ಹೇಳಿಕೊಳ್ಳಬಹುದು. ಆದರೆ ಏಡ್ಸ್‌ನಿಂದಾದ ಸಾವನ್ನು? 1986ರಲ್ಲಿ ಮದರಾಸಿನಲ್ಲಿ ಎಚ್‌ಐವಿ ಸೋಂಕು ಪತ್ತೆಯಾದಾಗಿನಿಂದ ನಮ್ಮ ದೇಶದ ಎಷ್ಟೋ ಮನೆಗಳಲ್ಲಿ ಈ ರೋಗದ ಹೆಸರು ಪಿಸುಮಾತಾಯಿತು. ಅದರೊಂದಿಗೆ ಸತ್ತವರ ಹೆಸರೂ ಮರೆಗೆ ಸರಿಯಿತು. ದೇಹವನ್ನು ಕಾಯುವ ಬಿಳಿ ರಕ್ತಕಣಗಳನ್ನೇ ನಾಶಮಾಡುವ ಈ ವೈರಸ್ಸು ಮುಟ್ಟಿದರೆ ಹರಡದು, ಜೊತೆಯಲ್ಲಿ ಉಂಡರೆ ಹರಡದು. ಭಯ ಮಾತ್ರ ಇವೆಲ್ಲದರಿಂದಲೂ ಹರಡಿತು.

ಅಮೆರಿಕದಲ್ಲೂ ಇದೇ ಕಥೆ. ಅಲ್ಲಿ ಶವಸಂಸ್ಕಾರ ಮಾಡುವವರು ಎಷ್ಟೋ ಕಡೆ ಏಡ್ಸ್ ರೋಗಿಗಳ ದೇಹವನ್ನೇ ಒಲ್ಲೆನೆಂದರು. 1985ರ ಕೊನೆಯಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಒಂದು ಮೆರವಣಿಗೆಯಲ್ಲಿ ಕ್ಲೀವ್ ಜೋನ್ಸ್ ಎಂಬಾತ, ಸತ್ತ ಗೆಳೆಯರ ಹೆಸರನ್ನು ಹಲಗೆಗಳ ಮೇಲೆ ಬರೆಯುವಂತೆ ಜನರನ್ನು ಕೇಳಿಕೊಂಡ. ಸರ್ಕಾರಿ ಕಟ್ಟಡದ ಗೋಡೆಗೆ ಅಂಟಿಸಿದ ಆ ಹೆಸರುಗಳು ಅವನಿಗೆ ತೇಪೆ ಹಚ್ಚಿದ ಹೊದಿಕೆಯಂತೆ ಕಂಡವು. ನಮ್ಮ ಬಯಲುಸೀಮೆಯ ಅಜ್ಜಿಯರು ಹಳೆಯ ಸೀರೆ, ಅಂಗಿಗಳ ತುಂಡು ಕೂಡಿಸಿ ಹೊಲಿಯುವ ಕೌದಿಯನ್ನು ಬಲ್ಲವರಿಗೆ ಈ ಹೋಲಿಕೆಯನ್ನು ಬಿಡಿಸಿ ಹೇಳಬೇಕಿಲ್ಲ.

1987ರ ಅಕ್ಟೋಬರ್ 11ರಂದು ವಾಷಿಂಗ್ಟನ್ನಿನ ಬಯಲಿನಲ್ಲಿ ಆ ಮಹಾ ಕೌದಿಯನ್ನು ಹಾಸಿದಾಗ ಅದರಲ್ಲಿದ್ದದ್ದು 1,920 ತುಂಡುಗಳು. ಒಂದೊಂದೂ 3 ಅಡಿ ಅಗಲ, 6 ಅಡಿ ಉದ್ದ. ಅಂದರೆ ಒಂದು ಗೋರಿಯಷ್ಟು ಜಾಗ! ತೊಟ್ಟ ಅಂಗಿ, ಭಾವಚಿತ್ರ, ಆಟದ ಗೊಂಬೆ, ಎಲ್ಲವೂ ಬಟ್ಟೆಗೆ ಸೇರಿದವು. ಈಗ ತುಂಡುಗಳು ಸುಮಾರು 50,000. ಹೆಸರುಗಳು ಒಂದು ಲಕ್ಷಕ್ಕೂ ಮೀರಿವೆ. ತೂಕ 54 ಟನ್.

ನಮ್ಮಲ್ಲಿ 2004ರಿಂದ ಸರ್ಕಾರ ಎಚ್‌ಐವಿಗೆ ಉಚಿತ ಔಷಧ ಕೊಡುತ್ತಿದೆ. ಕ್ರಮವಾಗಿ ನುಂಗಿದವರು ದುಡಿದು, ಮಕ್ಕಳನ್ನು ಸಾಕಿ, ದೀರ್ಘಕಾಲ ಬಾಳಬಹುದು. 2017ರ ಕಾಯ್ದೆಯ ಪ್ರಕಾರ ಸೋಂಕಿತರ ಒಪ್ಪಿಗೆಯಿಲ್ಲದೆ ಅವರ ಗುಟ್ಟನ್ನು ಬಯಲು ಮಾಡುವಂತಿಲ್ಲ. ಇದು ನ್ಯಾಯವೇ. ಬದುಕಿರುವವರಿಗೆ ಗುಟ್ಟು ರಕ್ಷಣೆ. ಅವರ ಕೆಲಸ, ಮಕ್ಕಳ ಶಾಲೆ, ಬಾಡಿಗೆ ಮನೆ ಎಲ್ಲವೂ ಅದನ್ನೇ ನಂಬಿರುತ್ತವೆ. ಸತ್ತವರಿಗೆ ಮಾತ್ರ ಅದೇ ಗುಟ್ಟು ಎರಡನೆಯ ಸಾವು.

ಇವೆರಡರ ನಡುವೆ ದಾರಿ ಇಲ್ಲದಿಲ್ಲ. ಗದ್ದುಗೆಯ ಗುಮ್ಮಟವಾಗಲಿ ಕೈಮಡದ ದೀಪವಾಗಲಿ, ಹಿರಿಯರು ಯಾವ ಕಾಯಿಲೆಯಿಂದ ತೀರಿಕೊಂಡರೆಂದು ನೋಡುಗನಿಗೆ ಹೇಳುವುದಿಲ್ಲ. ಇದ್ದರು, ನಮ್ಮವರಾಗಿದ್ದರು ಎಂದಷ್ಟೇ ಹೇಳುತ್ತವೆ. ಮನೆಯ ಹಳೆಯ ಸೀರೆಯ ತುಂಡಿನ ಮೇಲೆ ಹೋದವರ ಹೆಸರೊಂದನ್ನೇ ಹೊಲಿದಿಟ್ಟರೂ ಅಷ್ಟನ್ನು ಅದು ಹೇಳೀತು. ರೋಗದ ಹೆಸರು ಅದರಲ್ಲಿ ಬೇಕಿಲ್ಲ.