ಕಳಿಂಗದಲ್ಲಿ ಹೇಳದ ಮಾತು

ಮದುವೆಮನೆಯಲ್ಲಿ ಊಟ ಮುಗಿದು ಎಲೆಅಡಿಕೆ ತಟ್ಟೆ ಸುತ್ತು ಹೊರಟಿತೆಂದರೆ ನಮ್ಮವರಲ್ಲಿ ಪಶ್ಚಾತ್ತಾಪದ ಗೋಷ್ಠಿ ಶುರುವಾಯಿತೆಂದೇ ಲೆಕ್ಕ. ಜೆ.ಪಿ. ನಗರದ ಆಚೆ ನರಿ ಊಳಿಡುತ್ತಿದ್ದ ಕಾಲದಲ್ಲಿ ಯಾರೋ ಕರೆದು ಸೈಟು ಕೊಡಲು ಬಂದಿದ್ದರಂತೆ; 'ಅಷ್ಟು ದೂರ ಯಾರು ಹೋಗ್ತಾರೆ' ಅಂತ ಇವರು ಬೇಡವೆಂದರಂತೆ. ಹೇಳುವವರ ಮುಖದಲ್ಲಿ ನೋವಿಗಿಂತ ಹುರುಪೇ ಜಾಸ್ತಿ. ಕೈತಪ್ಪಿದ ಆ ಸೈಟು ಮದುವೆಯಿಂದ ಮದುವೆಗೆ ಉದ್ದಗಲ ಬೆಳೆಯುತ್ತಲೂ ಇರುತ್ತದೆ. ಇಂಥ ಪಶ್ಚಾತ್ತಾಪದಿಂದ ಯಾರಾದರೂ ಬುದ್ಧಿ ಕಲಿತದ್ದನ್ನು ನಾನು ಕಂಡಿಲ್ಲ. ಕಲಿತುಬಿಟ್ಟರೆ ಮುಂದಿನ ಮದುವೆಗೆ ಕಥೆ ಬೇಕಲ್ಲ!

ದೊಡ್ಡಪ್ಪ ಈ ಗೋಷ್ಠಿಯಲ್ಲಿ ಬಾಯಿ ಬಿಡುತ್ತಿರಲಿಲ್ಲ. ಅವರ ಮಗಳು, ನಮಗೆಲ್ಲ ಅಕ್ಕ, ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸು. ಕಾಲೇಜು ತಾಲ್ಲೂಕು ಕೇಂದ್ರದಲ್ಲಿತ್ತು. ಹೆಣ್ಣುಹುಡುಗಿ ದಿನಾ ಬಸ್ಸಿನಲ್ಲಿ ಓಡಾಡುವುದು ಬೇಡವೆಂದು ಓದು ಬಿಡಿಸಿ ಮದುವೆ ಮಾಡಿದರು. ಅದರ ಬಗ್ಗೆ ಆಮೇಲೆ ಒಂದು ಮಾತೂ ಇಲ್ಲ. ಆದರೆ ಮನೆತನದ ಯಾವ ಹುಡುಗಿ ಪಿಯುಸಿಗೆ ಸೇರಿದರೂ ಬಸ್ ಪಾಸ್ ಮಾಡಿಸುವ ಕೆಲಸ ಅವರದಾಯಿತು. ಕಾಲೇಜಿನ ಸೀಲು ಬಿದ್ದ ಅರ್ಜಿ, ಸ್ಟಾಂಪ್ ಸೈಜಿನ ಫೋಟೊ, ಗೋಂದಿನ ಬಾಟಲಿ ಎಲ್ಲ ಕೈಚೀಲಕ್ಕೆ ಹಾಕಿಕೊಂಡು, ಬಸ್ ಸ್ಟ್ಯಾಂಡಿನ ಕೌಂಟರಿನೆದುರು ಹುಡುಗ ಹುಡುಗಿಯರ ಸಾಲಿನಲ್ಲಿ ಪಂಚೆ ಎತ್ತಿಕಟ್ಟಿ ನಿಲ್ಲುತ್ತಿದ್ದರು. ಪಾಸು ಮಳೆಗೆ ನೆನೆಯದಿರಲೆಂದು ಪ್ಲಾಸ್ಟಿಕ್ ಕವರಿಗೆ ತೂರಿಸಿ, ಅಂಚನ್ನು ಮೇಣದಬತ್ತಿಗೆ ಹಿಡಿದು ಅಂಟಿಸಿಯೇ ಕೊಡುವುದು. ಹುಡುಗಿಯ ಅಪ್ಪ ತಕರಾರು ತೆಗೆಯುವ ಹೊತ್ತಿಗೆ ಪಾಸು ಅವಳ ಕೈಯಲ್ಲಿರುತ್ತಿತ್ತು.

ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ನನಗೆ ದೊಡ್ಡಪ್ಪ ನೆನಪಾದರು. ಭೀಮಾ ತೀರದ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿಯ ಗುಡಿಯೊಂದಿತ್ತು. 1980ರ ದಶಕದಲ್ಲಿ ಅದರ ಮಾಡು ಕುಸಿದಾಗ, ದೇವಿಯ ಪೀಠಕ್ಕೆ ಬಳಸಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಸಿಕ್ಕಿತು. ವಿಗ್ರಹ ಕೂರಿಸಲು ಯಾರೋ ಅಕ್ಷರಗಳ ನಡುವೆಯೇ ತೂತು ಕೊರೆದಿದ್ದರು. ಕಳಿಂಗ ಯುದ್ಧದಲ್ಲಿ 1 ಲಕ್ಷ ಜನ ಸತ್ತರು, 1.5 ಲಕ್ಷ ಜನರನ್ನು ಹಿಡಿದು ಸಾಗಿಸಲಾಯಿತು, ಅದಕ್ಕಾಗಿ ಮರುಗುತ್ತೇನೆಂದು ಅಶೋಕ ಬರೆಸಿದ್ದು 13ನೆಯ ಬಂಡೆಶಾಸನದಲ್ಲಿ. ಈಗಿನ ಪಾಕಿಸ್ತಾನದ ಶಾಹಬಾಜ್‌ಗಢಿಯಲ್ಲಿ ಅದು ಇದೆ. ಕಳಿಂಗದೊಳಗಿನ ಧೌಲಿ, ಜೌಗಡಗಳಲ್ಲೇ ಇಲ್ಲ. ಸನ್ನತಿಯ ಕಲ್ಲಿನಲ್ಲೂ ಇಲ್ಲ; 12ನೆಯದರ ಬೆನ್ನಿಗೇ 14ನೆಯದು. ಅದು ಇಲ್ಲದ ಈ ಮೂರು ಕಡೆಯೂ ಅಧಿಕಾರಿಗಳಿಗೆ ಬೇರೆ ಆಜ್ಞೆಗಳಿವೆ: ಕಾರಣವಿಲ್ಲದೆ ಯಾರನ್ನೂ ಸೆರೆಯಲ್ಲಿಡಬೇಡಿ, ಹಿಂಸಿಸಬೇಡಿ, ಸಿಟ್ಟು, ಸೋಮಾರಿತನ ಬಿಡಿ, ತಿಷ್ಯ ನಕ್ಷತ್ರದ ದಿನ ಇದನ್ನು ಓದಿ ಕೇಳಿಸಿ. ಇದು ನಡೆಯುತ್ತಿದೆಯೇ ಎಂದು ನೋಡಲು ಐದು ವರ್ಷಕ್ಕೊಮ್ಮೆ ತನಿಖೆ.

ಆ ಮರುಕವನ್ನು ಕಳಿಂಗದಲ್ಲೇ ಬರೆಸದೆ ಬಿಟ್ಟದ್ದು ಮೊದಲಿಗೆ ಬರೀ ರಾಜಕಾರಣದ ಜಾಣತನ ಅನ್ನಿಸಿತ್ತು. ಸತ್ತವರ ಲೆಕ್ಕವನ್ನು ಅವರ ಮನೆಯವರ ಎದುರೇ ಓದಿಸುವ ಧೈರ್ಯ ಯಾವ ದೊರೆಗೆ ಇರುತ್ತದೆ? ಈಗಲೂ ಅರ್ಧ ಹಾಗೇ ಅನ್ನಿಸುತ್ತದೆ. ಉಳಿದರ್ಧಕ್ಕೆ ಮಾತ್ರ ದೊಡ್ಡಪ್ಪನ ಕೈಚೀಲ ಅಡ್ಡ ಬರುತ್ತದೆ. ಸುಮ್ಮನೆ ಸೆರೆಯಲ್ಲಿ ಕೊಳೆಯುತ್ತಿದ್ದವನಿಗೆ ದೊರೆಯ ಕಣ್ಣೀರಿಗಿಂತ ಬಾಗಿಲು ತೆಗೆಸುವ ಆಜ್ಞೆಯೇ ಹೆಚ್ಚು ಕೆಲಸಕ್ಕೆ ಬಂದಿರಬೇಕು. ಮಾಡಿದ್ದನ್ನು ನೆನೆದು ಕೊರಗುವುದು ಸುಲಭ. ಅದನ್ನು ಮುಂದಿನ ಜೂನ್ ತಿಂಗಳ ಕೆಲಸವಾಗಿ ಬದಲಿಸಿಕೊಂಡವರನ್ನು ನಾನು ಹೆಚ್ಚು ಕಂಡಿಲ್ಲ.

ಅಕ್ಕನ ಮನೆಗೆ ಹೋದಾಗ ಇದನ್ನೆಲ್ಲ ಉತ್ಸಾಹದಿಂದ ಹೇಳಿದೆ. ಅವಳು ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೇಳಿಸಿಕೊಂಡಳು.

"ಕಳಿಂಗ ವಾಪಸ್ ಕೊಟ್ಟನಾ?"

ಕೊಡಲಿಲ್ಲ ಅಂದೆ.

"ಅಪ್ಪ ಪಾಸು ಮಾಡಿಸಿದ್ದು ಒಳ್ಳೇದೇ ಆಯ್ತು. ನಿನ್ ತಂಗಿ ಟೀಚರ್ ಆದ್ಲು. ಆದ್ರೆ ನನ್ ಹತ್ರ ಒಂದ್ ಮಾತು ಹೇಳಿದ್ರೆ ಅವರ ಗಂಟೇನು ಹೋಗ್ತಿತ್ತು? ನಾನೇನು ಕಾಲೇಜು ವಾಪಸ್ ಕೇಳ್ತಿದ್ನಾ?"