ಗುಬ್ಬಿಗೊಂದು ಒನ್ಸ್ ಮೋರ್

ಡೆಬಿಯನ್ ಭಂಡಾರದಲ್ಲಿ ನಮ್ಮ ಜಿಲ್ಲೆಯ ಊರೊಂದರ ಹೆಸರು ಹೊತ್ತ ಪ್ಯಾಕೇಜ್ ಒಂದಿದೆ: ಫಾಂಟ್ಸ್-ಗುಬ್ಬಿ. ಕೇದಗೆ ಎಂಬ ಹಳೆಯ ಫಾಂಟನ್ನು ತಿದ್ದಿ, ಒತ್ತಕ್ಷರಗಳ ತೊಡಕು ಬಿಡಿಸಿ ಮಾಡಿದ ಮುಕ್ತ ಕನ್ನಡ ಫಾಂಟು. ಇದರ ಒಡಹುಟ್ಟಿನ ಹೆಸರು ನವಿಲು ಅಂದಮೇಲೆ ಇದೂ ಹಕ್ಕಿಯೇ, ಊರಲ್ಲ. ಆದರೇನು, ತುಮಕೂರಿನವನಾದ ನಾನು ಅದನ್ನು ಗುಬ್ಬಿ ತಾಲ್ಲೂಕಿಗೆ ಸೇರಿಸಿಕೊಂಡು ಬಹಳ ಕಾಲವಾಯಿತು.

ಒಂದು ಭಾನುವಾರ ಆ ಫಾಂಟಿನ ಮೂಲ ಕಡತವನ್ನು ಫಾಂಟ್‌ಫೋರ್ಜ್‌ಗೆ ಕೊಟ್ಟು ಮನೆಯಲ್ಲೇ ಕಟ್ಟಿದೆ. ಕುಣಿಗಲ್ಲಿನ ಭಾವಮೈದನಿಗೂ ಕಟ್ಟಲು ಹೇಳಿದೆ. ಮೂಲ ಒಂದೇ, ತಂತ್ರಾಂಶದ ಆವೃತ್ತಿಯೂ ಒಂದೇ. ಎರಡಕ್ಕೂ ಶಾ-256 ಮೊತ್ತ ತೆಗೆದರೆ ಒಂದಕ್ಕೊಂದು ಮುಖ ಕೊಟ್ಟು ಮಾತಾಡುವುದಿಲ್ಲ. ಅವನು ಫೋನಿನಲ್ಲಿ, “ಎರಡರಲ್ಲೂ ‘ಕ’ ‘ಕ’ನೇ ಕಾಣ್ತದಲ್ಲ ಭಾವ, ಇನ್ನೇನು ತಕರಾರು?” ಅಂದ.

ತಕರಾರು ಹಳೆಯದು. 1983ರಲ್ಲಿ ಯೂನಿಕ್ಸಿನ ಕೆನ್ ಥಾಂಪ್ಸನ್ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ ತೋರಿಸಿದ್ದು ಇದನ್ನೇ: ಕಂಪೈಲರಿಗೇ ಕಳ್ಳಬುದ್ಧಿ ಕಲಿಸಿಬಿಟ್ಟರೆ, ಮೂಲವನ್ನು ಸಾಲು ಸಾಲಾಗಿ ಓದಿದರೂ ಕಳ್ಳ ಸಿಗುವುದಿಲ್ಲ. ನಾವು ಓದುವುದು ಮೂಲವನ್ನು, ಓಡಿಸುವುದು ಯಾರೋ ಎಲ್ಲೋ ಕಟ್ಟಿಕೊಟ್ಟ ಬೈನರಿಯನ್ನು. ಬೇರೆ ಬೇರೆ ಜನ ಬೇರೆ ಬೇರೆ ಕಡೆ ಕಟ್ಟಿ ಬೈಟಿಗೆ ಬೈಟು ತಾಳೆಯಾದರೆ, ನಡುವೆ ಯಾರೂ ಕೈಯಾಡಿಸಿಲ್ಲ ಎಂದು ಬಹುಮಟ್ಟಿಗೆ ನಂಬಬಹುದು. ಡೆಬಿಯನ್ನಿನವರು 2013ರಿಂದ ಇದಕ್ಕೆ ಟೊಂಕ ಕಟ್ಟಿ ನಿಂತಿದ್ದಾರೆ. ಅವರ ಪರೀಕ್ಷೆಯಲ್ಲಿ ಎರಡನೆಯ ಸಲ ಕಟ್ಟುವಾಗ ಗಡಿಯಾರವನ್ನು ವರ್ಷಕ್ಕೂ ಮಿಕ್ಕಿ ಮುಂದೆ ತಿರುಗಿಸುವುದೂ ಉಂಟು.

ನಮ್ಮೆರಡು ಗುಬ್ಬಿಗಳನ್ನು, ಕಡತಗಳ ವ್ಯತ್ಯಾಸ ಬಿಡಿಸಿ ತೋರಿಸುವ ಡಿಫೋಸ್ಕೋಪಿಗೆ ಕೊಟ್ಟೆ. ಅಕ್ಷರಗಳಲ್ಲಿ ಕೂದಲೆಳೆಯ ವ್ಯತ್ಯಾಸವೂ ಇಲ್ಲ. ಜಗಳವೆಲ್ಲ ಹೊತ್ತಿನದು. ಟ್ರೂಟೈಪ್ ಫಾಂಟಿನ ತಲೆಪಟ್ಟಿಯಲ್ಲಿ, 1904ರ ಜನವರಿ 1ರಿಂದ ಇಲ್ಲಿಯವರೆಗಿನ ಸೆಕೆಂಡುಗಳ ಲೆಕ್ಕದಲ್ಲಿ, ಫಾಂಟು ಯಾವಾಗ ಹುಟ್ಟಿತು, ಕೊನೆಗೆ ಯಾವಾಗ ಬದಲಾಯಿತು ಎಂದು ಬರೆದಿರುತ್ತದೆ. ಸಾಲದ್ದಕ್ಕೆ ಫಾಂಟ್‌ಫೋರ್ಜ್ ತನ್ನದೇ ಇನ್ನೊಂದು ಪಟ್ಟಿಯಲ್ಲಿ ಅದನ್ನು ಮತ್ತೆ ಬರೆಯುತ್ತದೆ. ನನ್ನದು ಕಾಫಿಯ ಹೊತ್ತಿನದು. ಅವನದು ಊಟ ಮುಗಿದು ಒಂದು ನಿದ್ದೆಯಾದಮೇಲಿನದು.

ಇದಕ್ಕೆ ಮದ್ದು ಸೋರ್ಸ್ ಡೇಟ್ ಇಪಾಕ್ ಎಂಬ ಚರ. ಈಗ ಗಂಟೆ ಎಷ್ಟೆಂದು ಕೇಳಬೇಡ, ಮೂಲವನ್ನು ಕೊನೆಗೆ ತಿದ್ದಿದ ದಿನವನ್ನೇ ಬರೆದುಕೋ ಎಂದು ಯಂತ್ರಕ್ಕೆ ಹೇಳುವ ಉಪಾಯ. ಫಾಂಟ್‌ಫೋರ್ಜ್ ಈ ಮಾತು ಕೇಳುತ್ತದೆ. ಉಳಿದ ಪ್ಯಾಕೇಜುಗಳಲ್ಲಿ ರೋಗಗಳು ಇನ್ನೂ ಇವೆ: ಕಡತಗಳನ್ನು ಓದುವ ಸರದಿ, ಕಾಲವಲಯ, ಕಟ್ಟಿದ ಫೋಲ್ಡರಿನ ವಿಳಾಸ. ಕೊನೆಗೆ ಭಾಷೆಯೂ. ಯಂತ್ರವನ್ನು ಕನ್ನಡಕ್ಕೆ ಹೊಂದಿಸಿಕೊಂಡವನು ಕಟ್ಟಿದರೆ ತಿಂಗಳ ಹೆಸರು ಕನ್ನಡದಲ್ಲಿ ಒಳಗೆ ಕೂತುಬಿಟ್ಟೀತು. ಆದ್ದರಿಂದ ಕನ್ನಡದ ಫಾಂಟು ಕಟ್ಟುವ ಹೊತ್ತಿಗೆ ಕನ್ನಡವನ್ನು ಮರೆಯುವಂತೆ ಯಂತ್ರಕ್ಕೆ ಅಪ್ಪಣೆ ಕೊಡಬೇಕು! ನನ್ನ ಹೊಟ್ಟೆ ಚುರುಕ್ಕೆಂದದ್ದು ಅಲ್ಲಿ.

ಗುಬ್ಬಿಯಲ್ಲಿರುವ ದೊಡ್ಡಪ್ಪನಿಗೆ ಇದನ್ನೆಲ್ಲ ಹೇಳಿದೆ. 1884ರಲ್ಲಿ ಶುರುವಾಗಿ ಮುಂದೆ ವೀರಣ್ಣನವರ ಕೈಯಲ್ಲಿ ಹೆಸರುವಾಸಿಯಾದ ಗುಬ್ಬಿ ಕಂಪನಿಯ ನಾಟಕ ಕಂಡವರು ಅವರು. ಪೂರ್ತಿ ಕೇಳಿ, “ಒಂದೇ ನಾಟಕ, ಊರಿಂದೂರಿಗೆ ಬೇರೆ ಥರಾನೇ ಇರ್ತಿತ್ತು ಕಣಪ್ಪ. ಒನ್ಸ್ ಮೋರ್ ಅಂದ್ರೆ ಹಾಡು ಇನ್ನೊಂದ್ಸಲ ಬರೋದು, ಅದೇ ಹಾಡಲ್ಲ. ಅದಕ್ಕೇ ಅಲ್ವಾ ಜನ ಮತ್ತೆ ಟಿಕೆಟ್ ತಗೋತಿದ್ದಿದ್ದು?” ಅಂದರು. ಫಾಂಟಿಗೆ ಟಿಕೆಟ್ ಇಲ್ಲ ದೊಡ್ಡಪ್ಪ ಅಂದೆ. ಅವರಿಗೆ ಒಪ್ಪಿಗೆಯಾಗಲಿಲ್ಲ.

ನನಗೂ ಅರೆ ಒಪ್ಪಿಗೆಯೇ. ಹಳೆಯ ಬೈನರಿಗಳನ್ನು ಬಿಚ್ಚಿದರೆ ಕಟ್ಟಿದವನ ಲಾಗಿನ್ ಹೆಸರು, ಅವನು ತನ್ನ ಯಂತ್ರಕ್ಕೆ ಮುದ್ದಿನಿಂದಿಟ್ಟ ಹೆಸರು, ನಡುರಾತ್ರಿಯ ಒಂದು ಗಳಿಗೆ ಸಿಗುತ್ತಿದ್ದವು. ಯಾವನೋ ಪುಣ್ಯಾತ್ಮ ನಿದ್ದೆಗೆಟ್ಟು ಕೂತಿದ್ದಾನೆಂದು ಗೊತ್ತಾಗುತ್ತಿತ್ತು. ಈಗ ಒಳ್ಳೆಯ ಪ್ಯಾಕೇಜು ಎಂದರೆ ಕಟ್ಟಿದವನ ಗುರುತೇ ಸಿಗದ್ದು. ಬೇಜಾರಾಗುತ್ತದೆ, ಆದರೂ ನನ್ನ ಓಟು ಇದಕ್ಕೇ: ಪಾಸ್‌ವರ್ಡು ಟೈಪು ಮಾಡುವ ಯಂತ್ರದಲ್ಲಿ ನನಗೆ ರಸಾನುಭವ ಬೇಡ.

ನಿಮ್ಮಲ್ಲಿ ಡೆಬಿಯನ್ನೋ ಉಬುಂಟುವೋ ಇದ್ದರೆ ಯಾವುದಾದರೂ ಕನ್ನಡದ ಪ್ಯಾಕೇಜನ್ನು ಎರಡು ಸಲ ಕಟ್ಟಿ ನೋಡಿ. ಮೊತ್ತ ತಾಳೆಯಾಗದಿದ್ದರೆ, ಡಿಫೋಸ್ಕೋಪ್ ತೋರಿಸಿದ ಸಾಲುಗಳನ್ನು ಲಗತ್ತಿಸಿ, ಪ್ಯಾಕೇಜು ನೋಡಿಕೊಳ್ಳುವವರಿಗೆ ಒಂದು ಬಗ್ ವರದಿ ಬರೆಯಿರಿ.