ತಪ್ಪೆಣಿಸುವ ಮುನ್ನ

ದುಶ್ಚಟಕ್ಕೆ ಬಿದ್ದವನನ್ನು ಕಂಡಾಗ ಸಮಾಜದ ಬಾಯಿಂದ ಮೊದಲು ಹೊರಡುವ ಮಾತು 'ಮನೋನಿಗ್ರಹವಿಲ್ಲದವನು' ಎಂಬುದು. ಆ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಮನಸ್ಸನ್ನು ಹಿಡಿತದಲ್ಲಿಡುವುದು ಮನುಷ್ಯನ ಕರ್ತವ್ಯವೆಂದು ಹಿರಿಯರು ತಲೆಮಾರುಗಳಿಂದ ಬೋಧಿಸುತ್ತ ಬಂದಿದ್ದಾರೆ. ಆದರೆ ಬಯಕೆಯು ಮಿದುಳಿನಲ್ಲಿ ಹೇಗೆ ಬೇರೂರುತ್ತದೆ, ಒಮ್ಮೆ ದೊರೆತ ಸುಖವನ್ನು ನೆನಪಿಟ್ಟುಕೊಂಡು ಮನಸ್ಸು ಮತ್ತೆ ಅತ್ತಲೇ ಏಕೆ ತಿರುಗುತ್ತದೆ ಎಂಬುದನ್ನು ಅರಿತವರು ಪರರ ನಡತೆಯ ಬಗ್ಗೆ ಅಷ್ಟು ಅವಸರದ ತೀರ್ಪು ಕೊಡಲಾರರು.

ಈ ಕಾರ್ಯದಲ್ಲಿ ಪ್ರಮುಖ ಪಾತ್ರ ವಹಿಸುವ ರಾಸಾಯನಿಕವೇ ಡೋಪಮೈನ್. ಮಾನವನ ಮಿದುಳಿನ ಸುಮಾರು 8,600 ಕೋಟಿ ನರಕೋಶಗಳಲ್ಲಿ ಇದನ್ನು ತಯಾರಿಸುವವು ಕೆಲವೇ ಲಕ್ಷ. ಅವುಗಳಲ್ಲಿ ಬಹುಪಾಲು ನಡುಮಿದುಳಿನಲ್ಲಿವೆ. ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ 1957ರಲ್ಲಿ ಇದರ ಮಹತ್ತ್ವವನ್ನು ತೋರಿಸಿಕೊಟ್ಟರು. ಭಾರತದಲ್ಲಿ ಬೆಳೆಯುವ ಸರ್ಪಗಂಧಿಯ ಬೇರಿನಿಂದ ದೊರೆಯುವ ರಿಸರ್ಪಿನ್ ಔಷಧವನ್ನು ಕೊಟ್ಟಾಗ ಮೊಲಗಳು ಅಲುಗಾಡದೆ ಕುಳಿತವು. ದೇಹದಲ್ಲಿ ಡೋಪಮೈನ್ ಆಗಿ ಮಾರ್ಪಡುವ ಎಲ್-ಡೋಪಾ ಕೊಟ್ಟಾಗ ಮತ್ತೆ ಚಲಿಸತೊಡಗಿದವು. 2000ದಲ್ಲಿ ಕಾರ್ಲ್‌ಸನ್ ನೊಬೆಲ್ ಪಾರಿತೋಷಕವನ್ನು ಇನ್ನಿಬ್ಬರೊಡನೆ ಹಂಚಿಕೊಂಡರು.

ಡೋಪಮೈನ್ ಎಂದರೆ ಸುಖವನ್ನುಂಟುಮಾಡುವ ವಸ್ತುವೆಂಬ ಭಾವನೆ ಬಹುಕಾಲ ಪ್ರಚಲಿತವಾಗಿತ್ತು. ಸ್ವಿಟ್ಜರ್ಲೆಂಡಿನ ಫ್ರಿಬೋರ್ಗ್ ವಿಶ್ವವಿದ್ಯಾಲಯದಲ್ಲಿ ವುಲ್ಫ್ರಾಮ್ ಶುಲ್ಟ್ಸ್ ಕೋತಿಗಳ ಮೇಲೆ ನಡೆಸಿದ ಪ್ರಯೋಗಗಳು ಬೇರೊಂದನ್ನು ತಿಳಿಸಿದವು. ಅನಿರೀಕ್ಷಿತವಾಗಿ ಹಣ್ಣಿನ ರಸದ ಹನಿ ದೊರೆತಾಗ ಆ ನರಕೋಶಗಳು ಚುರುಕಾದವು. ರಸಕ್ಕೆ ಮುಂಚೆ ಪ್ರತಿಸಲವೂ ಒಂದು ಸೂಚನೆ ಕೊಡುತ್ತ ಬಂದಾಗ, ಕೆಲಕಾಲದ ಮೇಲೆ ಅವು ಸೂಚನೆಗೇ ಸ್ಪಂದಿಸಿದವು. ರಸ ಬಂದಾಗ ವಿಶೇಷ ಚಟುವಟಿಕೆ ತೋರಲಿಲ್ಲ. ಸೂಚನೆ ಕೊಟ್ಟೂ ರಸ ಕೊಡದಿದ್ದರೆ, ರಸ ಬರಬೇಕಿದ್ದ ಹೊತ್ತಿಗೆ ಸರಿಯಾಗಿ ಅವುಗಳ ಚಟುವಟಿಕೆ ಕುಗ್ಗಿತು. ಅಂದರೆ ಡೋಪಮೈನ್ ತಿಳಿಸುವುದು ನಿರೀಕ್ಷಿಸಿದ್ದಕ್ಕೂ ದೊರೆತದ್ದಕ್ಕೂ ಇರುವ ಅಂತರವನ್ನು. ಎಣಿಸಿದ್ದಕ್ಕಿಂತ ಹೆಚ್ಚು ದೊರೆತರೆ, ಅದಕ್ಕೆ ಕಾರಣವಾದ ನಡೆಯ ನರಸಂಪರ್ಕಗಳು ಬಲಗೊಳ್ಳುತ್ತವೆ. ಕಡಮೆ ದೊರೆತರೆ ಸಡಿಲವಾಗುತ್ತವೆ. ಅಭ್ಯಾಸವೆಂಬುದು ಹೀಗೆ ಬೆಳೆಯುತ್ತದೆ. ನೆನಪಿಗೆ ಆಧಾರವಾದ ಹಿಪೊಕ್ಯಾಂಪಸ್ ಭಾಗದಲ್ಲಿಯೂ ಹೊಸ ಅನುಭವವು ಬಹುಕಾಲ ಉಳಿಯಲು ಡೋಪಮೈನ್ ನೆರವಾಗುತ್ತದೆ. 1997ರಲ್ಲಿ ಶುಲ್ಟ್ಸ್, ಪೀಟರ್ ಡಯಾನ್ ಮತ್ತು ರೀಡ್ ಮಾಂಟೆಗ್ಯು ಈ ಕಲಿಕೆಯ ಕ್ರಮಕ್ಕೆ ಗಣಿತದ ರೂಪ ಕೊಟ್ಟು ಪ್ರಕಟಿಸಿದರು.

ಮೂಕಪ್ರಾಣಿಗಳನ್ನು ಬಂಧನದಲ್ಲಿಟ್ಟು ಪಡೆದ ಅರಿವಿದು ಎಂಬ ಸಂಗತಿ ಅಹಿಂಸೆಯನ್ನು ನಂಬಿದವರ ಮನಸ್ಸನ್ನು ಕಲಕದೆ ಇರದು. ಹಾಗೆ ಬಂದ ಅರಿವು ದಯೆಯ ಕಾರ್ಯಕ್ಕೂ ಒದಗದಿದ್ದರೆ ಆ ನೋವು ಇನ್ನಷ್ಟು ವ್ಯರ್ಥವಾದಂತೆ. ದಯೆಗೆ ಅವಕಾಶವಿರುವ ಒಂದು ಸಂದರ್ಭವೆಂದರೆ ಪಾರ್ಕಿನ್‌ಸನ್ ಕಾಯಿಲೆ. ಡೋಪಮೈನ್ ತಯಾರಿಸುವ ಕೋಶಗಳು ನಶಿಸುತ್ತ ಹೋಗಿ, ಕೈಕಾಲು ನಡುಗುವ, ಚಲನೆ ನಿಧಾನವಾಗುವ ವ್ಯಾಧಿಯಿದು. ಈ ರೋಗಿಗಳು ಔಷಧವಿಲ್ಲದಾಗ ಸೋಲಿನಿಂದ ಚೆನ್ನಾಗಿ ಕಲಿಯುತ್ತಾರೆ, ಔಷಧ ಸೇವಿಸಿದಾಗ ಗೆಲುವಿನಿಂದ ಚೆನ್ನಾಗಿ ಕಲಿಯುತ್ತಾರೆ ಎಂದು ಅಮೆರಿಕದ ಮೈಕೆಲ್ ಫ್ರಾಂಕ್ ಮತ್ತು ಸಂಗಡಿಗರು 2004ರಲ್ಲಿ ತೋರಿಸಿದರು. ಡೋಪಮೈನಿನಂತೆಯೇ ವರ್ತಿಸುವ ಪ್ರಮಿಪೆಕ್ಸೋಲ್, ರೋಪಿನಿರೋಲ್ ಮುಂತಾದ ಗುಳಿಗೆಗಳಿಂದ ನಡುಕ ತಗ್ಗುತ್ತದೆ. ಆದರೆ ಕೆಲವರಲ್ಲಿ ಜೂಜು, ಮಿತಿಮೀರಿದ ಖರೀದಿ, ಅತಿಭಕ್ಷಣೆಗಳ ತುಡಿತ ಹುಟ್ಟುತ್ತದೆ. 2010ರಲ್ಲಿ ಪ್ರಕಟವಾದ, ಅಮೆರಿಕ ಮತ್ತು ಕೆನಡಗಳ 3,090 ರೋಗಿಗಳ ಅಧ್ಯಯನದಲ್ಲಿ, ಇಂಥ ಗುಳಿಗೆ ಸೇವಿಸುತ್ತಿದ್ದವರಲ್ಲಿ ಶೇಕಡ 17.1 ಮಂದಿಗೆ ಇಂಥ ತೊಂದರೆಯಿತ್ತು. ಸೇವಿಸದವರಲ್ಲಿ ಶೇಕಡ 6.9 ಮಂದಿಗೆ.

ಜೀವಮಾನವಿಡೀ ಪೈಸೆ ಪೈಸೆಗೂ ಲೆಕ್ಕವಿಟ್ಟು ಬಾಳಿದ ಹಿರಿಯರೊಬ್ಬರು ಎಪ್ಪತ್ತರ ವಯಸ್ಸಿನಲ್ಲಿ ಲಾಟರಿಯ ಬೆನ್ನು ಹತ್ತಿದರೆ ಮನೆಯವರು ಏನೆಂದು ತಿಳಿಯಬೇಕು? ಮಕ್ಕಳು ನಾಚಿ ವಿಷಯವನ್ನು ಮುಚ್ಚಿಡುತ್ತಾರೆ. ಸೊಸೆಯಂದಿರ ಎದುರು ಹಿರಿಯರು ತಲೆತಗ್ಗಿಸುತ್ತಾರೆ. ವೈದ್ಯರಿಗೆ ಸುದ್ದಿಯೇ ತಲುಪುವುದಿಲ್ಲ. ಹೇಳಿದರೆ ಅವರು ಪ್ರಮಾಣವನ್ನು ತಗ್ಗಿಸಬಲ್ಲರು, ಔಷಧವನ್ನು ಬದಲಿಸಬಲ್ಲರು. ಮನೆಯವರೇ ಗುಳಿಗೆಯನ್ನು ತಟ್ಟನೆ ನಿಲ್ಲಿಸುವುದು ಮಾತ್ರ ಅಪಾಯಕರ.

ಈ ತುಡಿತ ಪುಣ್ಯಕಾರ್ಯದ ವೇಷದಲ್ಲಿಯೂ ಬರಬಹುದು. ಇಂಥ ಔಷಧ ಸೇವಿಸುತ್ತಿದ್ದ ರೋಗಿಗಳು ತಮ್ಮ ಶಕ್ತಿ ಮೀರಿ ಪರರಿಗೆ ಹಣ ಕೊಟ್ಟ ಪ್ರಸಂಗಗಳು ವೈದ್ಯಕೀಯ ವರದಿಗಳಲ್ಲಿವೆ. ಜೂಜಾಡಿದವನನ್ನು ಜನರು ನಿಂದಿಸುತ್ತಾರೆ. ಉದಾರವಾಗಿ ಕೊಟ್ಟವನನ್ನು ಸನ್ಮಾನಿಸುತ್ತಾರೆ. ಎರಡಕ್ಕೂ ಮೂಲ ಒಂದೇ ಗುಳಿಗೆಯಾಗಿದ್ದರೆ ನಿಂದೆಯೂ ಸನ್ಮಾನವೂ ಸಮಾನವಾಗಿ ಅವಸರದವೇ.

ಎಲ್ಲ ದೌರ್ಬಲ್ಯಕ್ಕೂ ಮಿದುಳೇ ಕಾರಣವೆಂದು ಹೇಳಿ ಹೊಣೆಯಿಂದ ಜಾರಿಕೊಳ್ಳಲು ಈ ಅರಿವು ನೆವವಾಗಬಾರದು. ಕಲಿತ ಅಭ್ಯಾಸವನ್ನು ಮರುಕಲಿಕೆಯಿಂದ ಸಡಿಲಿಸಲು ಆರೋಗ್ಯವಂತನಿಗೆ ಸಾಧ್ಯವಿದೆ. ಸಂಯಮಕ್ಕೆ ಅರ್ಥವಿರುವುದೂ ಅದರಿಂದಲೇ. ಔಷಧದಿಂದ ಕಲಿಕೆಯೇ ವಾಲಿದವನಿಗೆ ಬೇಕಾದದ್ದು ನೀತಿಬೋಧೆಯಲ್ಲ, ಆಸರೆ. ಆದ್ದರಿಂದ ನಡುಗುವ ಕೈಗಳು ಎಂದಿಲ್ಲದ ದೊಡ್ಡ ಮೊತ್ತವನ್ನು ಬಸದಿಯ ಕಚೇರಿಯಲ್ಲಿ ಮುಂದಿಟ್ಟಾಗ, ಧರ್ಮದರ್ಶಿಗಳು ರಸೀದಿ ಬರೆಯುವ ಮುನ್ನ ಅವರನ್ನು ಗೌರವದಿಂದ ಕುಳ್ಳಿರಿಸಿ, 'ಮಕ್ಕಳೊಡನೆ ಒಂದು ಮಾತು ಆಡಿ, ಮುಂದಿನ ವಾರ ಬನ್ನಿ' ಎಂದು ಹೇಳಿ ಕಳುಹಿಸುವುದು ಲೇಸು.